ಕುದುರೆಯ ಜಂತುಹುಳು: ಮೊದಲು ಲದ್ದಿ ಪರೀಕ್ಷೆ, ಆಮೇಲೆ ಔಷಧ

ಎರಡು ತಿಂಗಳಿಗೊಮ್ಮೆ ಲಾಯದ ಎಲ್ಲ ಕುದುರೆಗಳಿಗೂ ಒಟ್ಟಿಗೆ ಜಂತುನಾಶಕ ಕೊಡುವ ರೂಢಿ 1960ರ ದಶಕದ್ದು. ಕರುಳಿಗೆ ರಕ್ತ ಒಯ್ಯುವ ನಾಳಗಳನ್ನು ಕೆಡಿಸುವ ದೊಡ್ಡ ಸ್ಟ್ರಾಂಗೈಲ್ ಹುಳುಗಳನ್ನು ಹತ್ತಿಕ್ಕಲು ಆಗ ಅದು ಸರಿಯಾಗಿಯೇ ಇತ್ತು. ಈಗ ಬೆಳೆದ ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಸಣ್ಣ ಸ್ಟ್ರಾಂಗೈಲ್. ಅದು ಅನೇಕ ಕಡೆ ಜಂತುನಾಶಕವಾದ ಫೆನ್‌ಬೆಂಡಜೋಲ್‌ಗೆ ಬಗ್ಗುವುದಿಲ್ಲ. ಮರಿಗಳ ದುಂಡುಹುಳುವಿನ ಮೇಲೆ ಐವರ್ಮೆಕ್ಟಿನ್ ಎಂಬ ಇನ್ನೊಂದು ಜಂತುನಾಶಕ ಹಲವೆಡೆ ಕೆಲಸ ಮಾಡುತ್ತಿಲ್ಲ. ಆದ್ದರಿಂದ ಪಂಚಾಂಗ ನೋಡಿ ಔಷಧ ಕೊಡುವುದನ್ನು ಬಿಟ್ಟು, ಲದ್ದಿ ನೋಡಿ ಕೊಡುವುದನ್ನು ಕಲಿಯಬೇಕು.

ಮೊದಲ ಕೆಲಸ ಲದ್ದಿಯಲ್ಲಿರುವ ಹುಳುಗಳ ಮೊಟ್ಟೆ ಎಣಿಸುವುದು. ಆಗಷ್ಟೇ ಬಿದ್ದ ಲದ್ದಿಯ ಮೂರು ನಾಲ್ಕು ಉಂಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಗಾಳಿ ಹೊರಹಾಕಿದ ಚೀಲದಲ್ಲಿ ಕಟ್ಟಿ, ಕುದುರೆಯ ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟು (ಫ್ರೀಜರ್‌ನಲ್ಲಿ ಅಲ್ಲ) ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಿ. ಒಂದು ಗ್ರಾಂ ಲದ್ದಿಯಲ್ಲಿ 200ಕ್ಕಿಂತ ಕಡಿಮೆ ಮೊಟ್ಟೆಗಳಿದ್ದರೆ ಆ ಕುದುರೆ ಹುಲ್ಲುಗಾವಲಿಗೆ ಸೋಂಕು ಹರಡುವುದು ಅಲ್ಪ. 500 ದಾಟಿದರೆ ಬಹಳ. ಸಾಮಾನ್ಯವಾಗಿ ಒಂದು ಹಿಂಡಿನ ಸುಮಾರು 80 ಪ್ರತಿಶತ ಮೊಟ್ಟೆಗಳು ಬರುವುದು ಕಾಲುಭಾಗಕ್ಕೂ ಮೀರದ ಕೆಲವೇ ಕುದುರೆಗಳಿಂದ. ಔಷಧ ಮುಖ್ಯವಾಗಿ ಬೇಕಾದದ್ದು ಅವಕ್ಕೆ. ಆದರೆ ಕರುಳಿನ ಗೋಡೆಯೊಳಗೆ ಅಡಗಿರುವ ಸಣ್ಣ ಸ್ಟ್ರಾಂಗೈಲ್ ಲಾರ್ವಾಗಳು (ಎಳೆ ಹುಳುಗಳು) ಈ ಎಣಿಕೆಯಲ್ಲಿ ಕಾಣುವುದಿಲ್ಲ. ಲಾಡಿಹುಳು ಕೂಡ ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಹೀಗಾಗಿ ಮೊಟ್ಟೆ ಕಡಿಮೆಯಿದ್ದರೂ ವರ್ಷಕ್ಕೊಂದೆರಡು ಸಲ ಕೊಡಬೇಕಾದ ಮೂಲ ಚಿಕಿತ್ಸೆಯನ್ನು ಪಶುವೈದ್ಯರೊಂದಿಗೆ ನಿರ್ಧರಿಸಬೇಕು.

ಎರಡನೆಯದು ತೂಕ. ಬಹುತೇಕರು ಎಡವುವುದು ಇಲ್ಲಿಯೇ. ಕುದುರೆಯನ್ನು ಕಣ್ಣಳತೆಯಲ್ಲಿ ನೋಡಿ “350 ಕಿಲೋ ಇರಬಹುದು” ಎಂದುಕೊಂಡು ಪೇಸ್ಟ್ ರೂಪದ ಔಷಧದ ಸಿರಿಂಜಿನಲ್ಲಿ ತೂಕಕ್ಕೆ ತಕ್ಕ ಪ್ರಮಾಣ ಹೊಂದಿಸುವ ಬಳೆಯನ್ನು ತಿರುಗಿಸಿಬಿಡುತ್ತಾರೆ. ಅದಕ್ಕೆ ಬದಲಾಗಿ ಕುದುರೆಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬೆನ್ನಿನ ಏರಿನ ಹಿಂಬದಿಯಿಂದ ಮೊಣಕೈಯ ಹಿಂದೆ ಹಾದು ಬರುವಂತೆ ಅಳತೆ ಪಟ್ಟಿಯನ್ನು ಸುತ್ತಿ, ಅದು ಉಸಿರು ಬಿಟ್ಟಾಗ ಎದೆಯ ಸುತ್ತಳತೆಯನ್ನು ಓದಿಕೊಳ್ಳಿ. ನಂತರ ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದವನ್ನು ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದಲ್ಲಿ ಅಂದಾಜು ತೂಕ ದೊರೆಯುತ್ತದೆ, ಅಳತೆಗಳೆಲ್ಲ ಸೆಂಟಿಮೀಟರ್‌ನಲ್ಲಿರಬೇಕು. ಸುತ್ತಳತೆ 180, ಉದ್ದ 155 ಆಗಿದ್ದರೆ ತೂಕ ಸುಮಾರು 423 ಕಿಲೋ. ಅದನ್ನು 350 ಎಂದು ಊಹಿಸಿದವರು ಔಷಧದ ಆರನೇ ಒಂದು ಭಾಗವನ್ನು ಸಿರಿಂಜಿನಲ್ಲೇ ಉಳಿಸಿದಂತಾಯಿತು. ಅರೆಬರೆ ಔಷಧಕ್ಕೆ ಸಾಯದೆ ಉಳಿದ ಹುಳುಗಳೇ ಮುಂದಿನ ಪೀಳಿಗೆಯನ್ನು ಹುಟ್ಟಿಸುತ್ತವೆ. ಈ ಸೂತ್ರ ಮರಿಗಳಿಗೂ ತುಂಬುಗಬ್ಬದ ಹೆಣ್ಣುಗಳಿಗೂ ಹೊಂದುವುದಿಲ್ಲ.

ಕುಡಿಸುವುದರಲ್ಲೂ ಎಚ್ಚರ ಬೇಕು. ಬಾಯಲ್ಲಿ ಹುಲ್ಲು ಉಳಿದಿದ್ದರೆ ಕುದುರೆ ಪೇಸ್ಟನ್ನು ಅದರೊಂದಿಗೆ ಉಗುಳಿಬಿಡುತ್ತದೆ. ಬಾಯಿ ಖಾಲಿ ಮಾಡಿಸಿ, ಕಡಿವಾಣ ಕೂರುವ ಹಲ್ಲಿಲ್ಲದ ಜಾಗದಿಂದ ಸಿರಿಂಜನ್ನು ತೂರಿಸಿ, ನಾಲಿಗೆಯ ಹಿಂಭಾಗದ ಮೇಲೆ ಔಷಧ ಒತ್ತಿ, ನುಂಗುವವರೆಗೆ ತಲೆಯನ್ನು ತುಸು ಮೇಲೆತ್ತಿ ಹಿಡಿಯಿರಿ. ಪೇಸ್ಟನ್ನು ಮೇವಿನಲ್ಲಿ ಕಲಸಿ ಕೊಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಎಷ್ಟು ಹೊಟ್ಟೆಗೆ ಹೋಯಿತೆಂದು ಯಾರೂ ಹೇಳಲಾರರು. ದನಗಳಿಗೆಂದು ಮಾರುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಗ್ಗವೆಂದು ಕುದುರೆಗೆ ಚುಚ್ಚುವುದಂತೂ ಅಪಾಯ. ಬೆಳ್ಳುಳ್ಳಿ ಪುಡಿ, ಗಿಡಮೂಲಿಕೆ ಮಿಶ್ರಣಗಳ ಡಬ್ಬಿಗಳ ಮೇಲೆ ಏನು ಬರೆದಿದ್ದರೂ ಜಂತುನಾಶಕಕ್ಕೆ ಬದಲಾಗಿ ಅವನ್ನು ನಂಬಬೇಡಿ. ನೆಲಕ್ಕೆ ಬಿದ್ದ ಪೇಸ್ಟನ್ನು ಕೂಡಲೇ ಒರೆಸಿ ತೆಗೆಯಿರಿ, ಅದನ್ನು ನೆಕ್ಕಿದ ನಾಯಿಗಳಿಗೆ ವಿಷವಾದೀತು.

ಔಷಧ ಕೊಟ್ಟ ಹದಿನಾಲ್ಕನೇ ದಿನ ಮತ್ತೆ ಲದ್ದಿ ಪರೀಕ್ಷಿಸಿ. ಹಲವು ಕುದುರೆಗಳ ಸರಾಸರಿಯಲ್ಲಿ ಮೊಟ್ಟೆಗಳು ನಿರೀಕ್ಷೆಯಷ್ಟು ಇಳಿಯದಿದ್ದರೆ ಅದೇ ಔಷಧವನ್ನು ದುಪ್ಪಟ್ಟು ಕೊಡುವ ಯೋಚನೆ ಮಾಡದೆ ವೈದ್ಯರನ್ನು ಕೇಳಿ.

ಮರಿಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅವಕ್ಕೆ ಎರಡು ಮೂರು ತಿಂಗಳಾದಾಗ ದುಂಡುಹುಳುವನ್ನು ಗುರಿಯಾಗಿಟ್ಟು ಮೊದಲ ಔಷಧ ಕೊಡಬೇಕು. ಮಾಕ್ಸಿಡೆಕ್ಟಿನ್ ಎಂಬ ಜಂತುನಾಶಕ ಎಳೆ ಮರಿಗಳಿಗೂ ಬಡಕಲು ಕುದುರೆಗಳಿಗೂ ಬೇಡ.

ಹುಲ್ಲುಗಾವಲಿನಿಂದ ವಾರಕ್ಕೆರಡು ಸಲ ಲದ್ದಿ ಎತ್ತಿ. ಚೆನ್ನಾಗಿ ಬಿಸಿಯೇರಿ ಕೊಳೆಯದ ಗೊಬ್ಬರವನ್ನು ಅಲ್ಲಿ ಹರಡಬೇಡಿ. ದನ ಅಥವಾ ಕುರಿಗಳನ್ನು ಸರದಿಯಲ್ಲಿ ಮೇಯಿಸಿದರೆ ಅವು ಕುದುರೆಯ ಬಹುತೇಕ ಜಂತುಗಳ ಲಾರ್ವಾಗಳನ್ನು ನುಂಗಿ ನಾಶಮಾಡುತ್ತವೆ. ಹೊಸದಾಗಿ ಬಂದ ಕುದುರೆಯನ್ನು, ಮಾರಿದವರು ಏನೇ ಹೇಳಿದರೂ, ಲದ್ದಿ ಪರೀಕ್ಷೆ ಮತ್ತು ಚಿಕಿತ್ಸೆ ಮುಗಿಯುವವರೆಗೆ ಬೇರೆಯಾಗಿಯೇ ಕಟ್ಟಿ.