ಮಳೆಗಾಲಕ್ಕೆ ಕಾರನ್ನು ಶೆಡ್ಡಿಗೆ ಸೇರಿಸುವ ಮೊದಲು ನಾನು ಮಾಡುವ ಕೆಲಸಗಳು

ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದು ಹೇಗೆ ಅಂತ ಹುಡುಕಿದರೆ ಸಿಗುವ ವಿಡಿಯೋಗಳೆಲ್ಲ ಹಿಮ ಬೀಳುವ ದೇಶದವು. ಅಲ್ಲಿ ನಿಲ್ಲಿಸುವುದು ಚಳಿಗಾಲಕ್ಕೆ. ರೇಡಿಯೇಟರ್ ನೀರು ಹೆಪ್ಪುಗಟ್ಟಬಾರದು, ಹಿಮ ಕರಗಿಸಲು ರಸ್ತೆಗೆ ಎಸೆಯುವ ಉಪ್ಪು ತಳಕ್ಕೆ ಹಿಡಿಯಬಾರದು, ಅವರ ಚಿಂತೆ ಅದು. ನಮ್ಮ ಕಾಸರಗೋಡಿನಲ್ಲಿ ಚಳಿಗಾಲ ಅಂದರೆ ಕಾರು ಓಡಿಸಲು ಅತಿ ಒಳ್ಳೆಯ ಕಾಲ. ನಾವು ನಿಲ್ಲಿಸುವುದಿದ್ದರೆ ಮಳೆಗಾಲಕ್ಕೆ.

ನನ್ನ ಮನೆ ಬದಿಯಡ್ಕ ಕಡೆ, ಗುಡ್ಡೆ ಇಳಿದು ತೋಟದ ಹತ್ತಿರ. ಟಾರು ರಸ್ತೆಯಿಂದ ಮನೆಗೆ ಬರುವುದು ಕೆಂಪು ಮಣ್ಣಿನ ದಾರಿ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ನವರಾತ್ರಿಯ ತನಕ ಆ ಏರಿನಲ್ಲಿ ಜೀಪು ಮಾತ್ರ ಹತ್ತುತ್ತದೆ. ಮಾರುತಿ 800 ಹತ್ತುವುದಿಲ್ಲ. ಹಾಗಾಗಿ ಪ್ರತಿ ವರ್ಷ ನಾಲ್ಕು ತಿಂಗಳು ಕಾರು ಶೆಡ್ಡಿನಲ್ಲಿ, ನಾವು ಜೀಪಿನಲ್ಲಿ. ಈ ಕಡೆಯ ಗುಡ್ಡೆಮನೆಗಳಲ್ಲಿ ಇದು ಹೊಸತೇನಲ್ಲ. ಊರಲ್ಲಿ ಕಾರು ಬಿಟ್ಟು ಗಲ್ಫಿಗೆ ಹೋಗುವವರಿಗೂ ಇದೇ ಸಮಸ್ಯೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಾಡಿನ ಅಡಿಯಲ್ಲಿ ನಿಂತ ಕಾರಿಗೆ ಮಳೆ ತಾಗುವುದಿಲ್ಲ, ನಿಜ. ಹಾಳು ಮಾಡುವುದು ಮಳೆಯಲ್ಲ, ತೇವ. ಕಪಾಟಿನಲ್ಲಿಟ್ಟ ಬಟ್ಟೆಗೇ ಬೂಸಲು ಬರುವ ಗಾಳಿ ಇದು. ನಾನು ಮಾಡುವ ಎಲ್ಲ ಕೆಲಸದ ಹಿಂದೆ ಇರುವುದು ಒಂದೇ ಲೆಕ್ಕ: ಒದ್ದೆಯನ್ನು ಕಾರಿನೊಳಗೆ ಇಟ್ಟು ಬಾಗಿಲು ಹಾಕಬಾರದು, ಆಮೇಲೆ ಸೇರಿದ ಒದ್ದೆ ಹೊರಗೆ ಹೋಗಲು ದಾರಿ ಇರಬೇಕು.

ಪತ್ತನಾಜೆ ಕಳೆದ ಕೂಡಲೇ, ಅಂದರೆ ಮೇ ಕೊನೆಯ ವಾರದಲ್ಲಿ, ಇನ್ನೂ ಒಳ್ಳೆಯ ಬಿಸಿಲು ಇರುವಾಗ ಶುರು ಮಾಡುತ್ತೇನೆ. ಮಳೆ ಬಂದ ಮೇಲೆ ತೊಳೆದ ಕಾರು ಒಣಗುವುದೇ ಇಲ್ಲ. ಮೊದಲು ಪೇಟೆಗೆ ಒಯ್ದು ಲಿಫ್ಟಿಗೆ ಏರಿಸಿ ತಳ ತೊಳೆಸುವುದು. ಮೇಲಿನ ಹೊಳಪಿಗಿಂತ ಇದು ಮುಖ್ಯ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಮಡ್‌ಗಾರ್ಡಿನ ಒಳ ಮಡಿಕೆಗಳಲ್ಲಿ ಕೂತರೆ ತಿಂಗಳುಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ತಗಡು ತೂತು ಬೀಳುವುದು ಅಲ್ಲಿಂದಲೇ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಅವನ್ನು ತೆಳು ಕಡ್ಡಿಯಿಂದ ಬಿಡಿಸಿ. ವೈಪರಿನ ಬುಡದಲ್ಲಿ, ಗಾಜಿನ ಕೆಳಗೆ ತರಗೆಲೆ ತುಂಬಿರುತ್ತದೆ, ಅದನ್ನೂ ಕೈಹಾಕಿ ತೆಗೆಯಬೇಕು. ಮತ್ತೆ ಮನೆಗೆ ತಂದು ನಾಲ್ಕೂ ಬಾಗಿಲು, ಡಿಕ್ಕಿ, ಬೋನೆಟ್ ತೆರೆದು ಅಂಗಳದ ಬಿಸಿಲಿನಲ್ಲಿ ದಿನವಿಡೀ ಬಿಡುತ್ತೇನೆ. ಕಾಲಡಿಯ ಮ್ಯಾಟ್ ಮಾತ್ರ ಅಲ್ಲ, ಅದರ ಅಡಿಯ ಕಾರ್ಪೆಟ್ಟನ್ನೂ ಎತ್ತಿ ನೋಡಿ. ಹೆಚ್ಚಿನ ಹಳೆ ಕಾರುಗಳಲ್ಲಿ ಒದ್ದೆ ಅಡಗಿ ಕೂತಿರುವುದು ಅಲ್ಲೇ. ಚೆನ್ನಾಗಿ ಒಣಗಿದ ಮೇಲೆ ಬಣ್ಣಕ್ಕೆ ಒಂದು ಕೈ ವ್ಯಾಕ್ಸ್.

ಇಂಜಿನ್ ಆಯಿಲ್ ಬದಲಿಸುವುದು ಕಾರು ನಿಲ್ಲಿಸುವ ಮೊದಲು, ಶೆಡ್ಡಿನಿಂದ ಹೊರಗೆ ತೆಗೆದ ಮೇಲೆ ಅಲ್ಲ. ಹೇಗೂ ಓಡುವುದಿಲ್ಲ, ಹೊಸ ಆಯಿಲ್ ಯಾಕೆ ವೇಸ್ಟ್ ಅಂತ ಕೇಳುವವರಿದ್ದಾರೆ. ಓಡಿದ ಆಯಿಲಿನಲ್ಲಿ ಇಂಧನ ಉರಿದು ಹುಟ್ಟಿದ ಆಮ್ಲ ಇರುತ್ತದೆ, ನೀರಿನ ಅಂಶವೂ ಇರುತ್ತದೆ. ಅದು ಬೇರಿಂಗುಗಳ ಮೇಲೆ ನಾಲ್ಕು ತಿಂಗಳು ಕೂರುವುದು ಒಳ್ಳೆಯದಲ್ಲ.

ಪೆಟ್ರೋಲ್ ವಿಷಯ ಸ್ವಲ್ಪ ಉದ್ದ ಹೇಳಬೇಕು. ಈಗ ಪಂಪುಗಳಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಿತಿ ಮೀರಿ ನೀರು ಸೇರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಮತ್ತೆ ತುಕ್ಕು ಹಿಡಿಯುವುದು ತಳದಿಂದ. ಅರ್ಧ ಟ್ಯಾಂಕ್ ಇಟ್ಟರೆ ಉಳಿದ ಅರ್ಧದಲ್ಲಿ ಗಾಳಿ ಇರುತ್ತದೆ, ಆ ಗಾಳಿ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಹಾಗಾಗಿ ನಾನು ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ಪೆಟ್ರೋಲ್ ಕೆಡದಂತೆ ಹಾಕುವ ಸ್ಟೆಬಿಲೈಸರ್ ಸಿಗುತ್ತದೆ. ಅದನ್ನು ಮೊದಲು ಹಾಕಿ, ಮೇಲೆ ಪೆಟ್ರೋಲ್ ತುಂಬಿಸಿ, ಮನೆ ತನಕ ಓಡಿಸಿಕೊಂಡು ಬಂದರೆ ಪೈಪುಗಳಲ್ಲೂ ಸೇರುತ್ತದೆ. ನನ್ನದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಗಾಡಿಯಾದ ಕಾರಣ ಇನ್ನೊಂದು ಕೆಲಸ ಇದೆ. ಇಂಜಿನ್ ಪೂರ್ತಿ ತಣಿದ ಮೇಲೆ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ಬಿಡಿಸಿ, ಅದರ ಬಾಯಿಗೆ ಬಿರಡೆ ಒತ್ತಿ, ಚೆಲ್ಲಿದ್ದನ್ನು ಒರೆಸಿ ಆರಲು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವ ತನಕ ಓಡಿಸುವುದು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟು ಬಿಟ್ಟರೆ ಜೆಟ್‌ಗಳು, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತುಗಳು, ಕಟ್ಟಿಕೊಳ್ಳುತ್ತವೆ. ಈಗಿನ ಇಂಜೆಕ್ಷನ್ ಗಾಡಿಗಳಿಗೆ ಇದು ಬೇಡ.

ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತರುತ್ತೇನೆ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್. ತಿರುಗಿ ಹಾಕುವಾಗ ಇದು ಉಲ್ಟಾ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ ಅಂತ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಹಿಡಿಯುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಹಾಗೆ ಆಗುವುದಿಲ್ಲ. ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ. ಗುಡುಗು ಸಿಡಿಲು ಇರುವಾಗ ಚಾರ್ಜರ್ ಪ್ಲಗ್ ತೆಗೆದಿಡಿ. ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿದರೆ ಸಾಕು.

ಇಲ್ಲಿ ನೆರೆಕರೆಯವರೊಂದಿಗೆ ನನಗೆ ಪ್ರತಿ ವರ್ಷ ಚರ್ಚೆ ಆಗುವ ವಿಷಯ ಬರುತ್ತದೆ. "ಬ್ಯಾಟರಿ ಯಾಕೆ ಬಿಚ್ಚುತ್ತೀರಿ ಮಾರಾಯ್ರೆ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಇಟ್ಟರೆ ಆಯಿತಲ್ಲ?" ಆಗುವುದಿಲ್ಲ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 1 ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ಇಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಬಿಸಿಯಾಗುವುದಿಲ್ಲ, ಆವಿ ಒಳಗೇ ನೀರಾಗಿ ಆಯಿಲಿಗೂ ಸೈಲೆನ್ಸರಿಗೂ ಇಳಿಯುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜೂ ಅಷ್ಟು ಹೊತ್ತಿನಲ್ಲಿ ಬ್ಯಾಟರಿಗೆ ತಿರುಗಿ ಬರುವುದಿಲ್ಲ. ಓಡಿಸುವುದಿದ್ದರೆ ರಸ್ತೆಗೆ ತೆಗೆದು ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಅರ್ಧಂಬರ್ಧ ಬೇಡ. ಇದನ್ನು ನಾನು ಯಾರ ಮುಂದೆಯೂ ಗಟ್ಟಿಯಾಗಿ ಹೇಳುತ್ತೇನೆ.

ಹ್ಯಾಂಡ್‌ಬ್ರೇಕ್ ಎಳೆದು ಇಡಬೇಡಿ. ತೇವಕ್ಕೆ ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ, ಮತ್ತೆ ಚಕ್ರ ಬಿಚ್ಚಿ ಬಡಿದು ಬಿಡಿಸಬೇಕು. ಫಸ್ಟ್ ಗೇರಿನಲ್ಲಿಟ್ಟು ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಟ್ಟರೆ ಸಾಕು. ಟಯರಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಗಾಳಿ. ಜಾಕಿ ಕೊಟ್ಟು ಎತ್ತಿಡುವುದು ನಾಲ್ಕು ತಿಂಗಳಿಗೆ ಬೇಕಾಗಿಲ್ಲ, ತಿಂಗಳಿಗೊಮ್ಮೆ ಕಾರನ್ನು ಒಂದು ಗೇಣು ತಳ್ಳಿ ನಿಲ್ಲಿಸಿದರೆ ಟಯರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ.

ಶೆಡ್ಡಿನ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ನಮ್ಮ ಶೆಡ್ಡುಗಳಿಗೆ ಮಣ್ಣಿನ ನೆಲ, ನೆಲದಿಂದಲೇ ತೇವ ಏಳುತ್ತದೆ. ದಪ್ಪ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಕಾರು ನಿಲ್ಲಿಸಿ, ತಳಕ್ಕೆ ಬಹಳ ವ್ಯತ್ಯಾಸ ಆಗುತ್ತದೆ. ಪ್ಲಾಸ್ಟಿಕ್ ಇರಬೇಕಾದ್ದು ಕಾರಿನ ಅಡಿಗೆ, ಮೇಲೆ ಅಲ್ಲ. ಟಾರ್ಪಾಲು ಹೊದೆಸಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ಗಾಳಿ ಆಡುವ ಬಟ್ಟೆಯ ಕವರ್ ಹಾಕಿ, ಇಲ್ಲದಿದ್ದರೆ ಹಳೆಯ ಹತ್ತಿ ಬೆಡ್‌ಶೀಟೂ ಆಗುತ್ತದೆ. ಕೃಷಿಕರಿಗೆ ಮುಖ್ಯವಾಗಿ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ತಂದ ಮೈಲುತುತ್ತು, ಪೊಟ್ಯಾಷ್ ಚೀಲ, ಸ್ಪ್ರೇಯರ್ ಇವನ್ನೆಲ್ಲ ಕಾರಿನ ಶೆಡ್ಡಿನಲ್ಲಿ ಇಡಬೇಡಿ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್, ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷ್ ಒಂದು ಬಗೆಯ ಉಪ್ಪೇ. ಚೀಲದ ಅಡಿಯ ನೆಲ ಯಾವಾಗಲೂ ಪಸೆಯಾಗಿರುವುದನ್ನು ನೀವೂ ನೋಡಿರಬಹುದು, ಅಲ್ವಾ? ದನದ ಹಟ್ಟಿಗೆ ಅಂಟಿದ ಶೆಡ್ಡಾದರೆ ಗಂಜಳದ ಅಮೋನಿಯಾ ಗಾಳಿ ಬೇರೆ.

ಇನ್ನು ಇಲಿ. ಅಡಿಕೆ, ತೆಂಗಿನಕಾಯಿ, ಕೊಪ್ಪರ ಇರುವ ಜಾಗದಲ್ಲಿ ಇಲಿ ಇದ್ದೇ ಇರುತ್ತದೆ, ಮಳೆಗೆ ಬಿಲಗಳಲ್ಲಿ ನೀರು ನಿಂತರೆ ಒಣ ಜಾಗ ಹುಡುಕಿಕೊಂಡು ಬರುತ್ತದೆ. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವ ಕಾರಣ ಏನನ್ನಾದರೂ ಕಡಿಯುತ್ತಿರಲೇಬೇಕು, ವೈರಿಂಗ್ ಅದಕ್ಕೆ ಅನುಕೂಲ. ಕೊಪ್ಪರ, ಕಾಯಿ ಶೆಡ್ಡಿನಿಂದ ಹೊರಗೆ. ಕಾರಿನೊಳಗೆ ಬಿಸ್ಕತ್ತಿನ ಚೂರು, ಟಿಶ್ಯೂ ಪೇಪರ್, ಹಳೆ ಬಟ್ಟೆ ಯಾವುದೂ ಬೇಡ. ಸೈಲೆನ್ಸರಿನ ಬಾಯಿಗೆ, ಏರ್ ಫಿಲ್ಟರಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿ ಕಟ್ಟುತ್ತೇನೆ. ಬಲೆಯಾದರೆ ಗಾಳಿಯೂ ಆಡುತ್ತದೆ. ಕಟ್ಟಿದ್ದು ಮರೆಯದ ಹಾಗೆ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ. ಬೋನೆಟ್ ತೆರೆದೇ ಇಡುತ್ತೇನೆ, ಕತ್ತಲಿನ ಬೆಚ್ಚಗಿನ ಮೂಲೆ ಸಿಗದಿದ್ದರೆ ಗೂಡು ಕಟ್ಟುವುದು ಕಡಿಮೆ. ಹೊಗೆಸೊಪ್ಪು, ನುಸಿಗುಳಿಗೆ ಇಡುವವರಿದ್ದಾರೆ, ವಾಸನೆ ಇರುವ ತನಕ ಸ್ವಲ್ಪ ಪ್ರಯೋಜನ ಇದೆ, ಆದರೆ ಅದನ್ನೇ ನಂಬಿ ಕೂರಬೇಡಿ. ನಾನು ನಂಬುವುದು ಬೋನನ್ನು. ವಿಷ ಇಡಬೇಡಿ. ಇಲಿ ಡ್ಯಾಶ್‌ಬೋರ್ಡಿನ ಒಳಗೆ ಹೋಗಿ ಸತ್ತರೆ ಆ ನಾತ ತೆಗೆಯುವುದು ಕಷ್ಟ, ಸತ್ತ ಇಲಿ ತಿಂದು ಮನೆಯ ಬೆಕ್ಕೂ ಹೋಗುತ್ತದೆ. ಇಲಿಯ ಹಿಂದೆ ಹಾವೂ ಬರುತ್ತದೆ, ಹಾಗಾಗಿ ಟಾರ್ಚ್ ಹಾಕಿ ನೋಡದೆ ಇಂಜಿನ್ ಹತ್ತಿರ ಕೈ ಹಾಕಬೇಡಿ.

ಗಾಜು ಏರಿಸಿ ಇಡಬೇಕಾ, ಇಳಿಸಬೇಕಾ? ಎರಡೂ ನಡೆಯುತ್ತದೆ, ಬೆರೆಸಬಾರದು ಅಷ್ಟೆ. ಬಿಗಿಯಾಗಿ ಮುಚ್ಚುವುದಾದರೆ ಒಳಗೆ ಸಿಲಿಕಾ ಜೆಲ್ ಅಥವಾ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಟ್ಟು ಆಗಾಗ ಬದಲಿಸಬೇಕು. ಗಲ್ಫಿನಲ್ಲಿ ಇರುವವರ ಕಾರಿಗೆ ಅದನ್ನು ಯಾರು ಬದಲಿಸುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ನಾನು ಮನೆಯಲ್ಲೇ ಇರುವವನು, ಹಾಗಾಗಿ ಗಾಜು ಎರಡು ಬೆರಳು ಇಳಿಸಿ ಆ ಸಂದಿಗೂ ಬಲೆ ಸಿಕ್ಕಿಸುತ್ತೇನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಡುವೆ ಮಳೆ ಬಿಟ್ಟು ಬಿಸಿಲು ಬಂದ ದಿನ ಎಲ್ಲ ಬಾಗಿಲು ತೆರೆದು ಸಂಜೆ ತನಕ ಬಿಡುತ್ತೇನೆ. ಸೀಟಿನಲ್ಲಿ ಬೂಸಲು ಕಂಡರೆ ಆಗಲೇ ಒಣ ಬಟ್ಟೆಯಲ್ಲಿ ಒರೆಸಿಬಿಡುವುದು.

ಹೊರಗೆ ತೆಗೆಯುವಾಗಲೂ ಗಡಿಬಿಡಿ ಮಾಡಬೇಡಿ. ಮೊದಲು ಎಲ್ಲ ಬಲೆ ಬಿಚ್ಚಿ, ಏರ್ ಫಿಲ್ಟರ್ ತೆರೆದು ನೋಡಿ, ವೈರು ಮತ್ತು ಪೈಪುಗಳ ಮೇಲೆ ಹಲ್ಲಿನ ಗುರುತು ಇದೆಯಾ ನೋಡಿ. ಪೆಟ್ರೋಲ್ ಪೈಪ್ ಸಿಕ್ಕಿಸಿ ಸೋರುವುದಿಲ್ಲ ಅಂತ ಖಾತ್ರಿ ಮಾಡಿ. ನನ್ನ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಇಗ್ನಿಷನ್ ತಂತಿ ತಪ್ಪಿಸಿ, ಆಯಿಲ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯುತ್ತೇನೆ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್. ಬ್ರೇಕ್ ಡಿಸ್ಕಿನ ಮೇಲೆ ತೆಳು ತುಕ್ಕು ಕಂಡರೆ ಹೆದರಬೇಡಿ, ನಾಲ್ಕು ಸಲ ಮೆಲ್ಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಏರಿಗೆ ಹತ್ತಿಸುವ ಮೊದಲು ಅಂಗಳದಲ್ಲೇ ಬ್ರೇಕ್ ಹಿಡಿಯುತ್ತದಾ ಅಂತ ನೋಡಿ. ಬ್ರೇಕ್ ಆಯಿಲ್ ಕೂಡ ತೇವ ಹೀರುವಂಥದ್ದು, ಎರಡು ವರ್ಷಕ್ಕೊಮ್ಮೆ ಬದಲಿಸಿ. ಇನ್ಶೂರೆನ್ಸನ್ನು ಓಡದ ತಿಂಗಳುಗಳಲ್ಲೂ ನಿಲ್ಲಿಸಬೇಡಿ, ಶೆಡ್ಡಿನ ಮೇಲೆ ತೆಂಗಿನಮರ ಬೀಳುವುದು ಮಳೆಗಾಲದಲ್ಲೇ. ಹೊಗೆ ತಪಾಸಣೆಯ ಸರ್ಟಿಫಿಕೇಟಿನ ಅವಧಿ ನೋಡಿ, ಮುಗಿದಿದ್ದರೆ ಪೇಟೆಗೆ ಹೋದ ಮೊದಲ ದಿನವೇ ಟಯರಿನ ಗಾಳಿ ಸರಿ ಮಾಡಿಸಿ ಅದನ್ನೂ ಮಾಡಿಸಿಕೊಂಡು ಬನ್ನಿ.