ಹೆದರುವ ಮೊದಲು ಕೇಳಿ: ಎಷ್ಟು ಜನರಲ್ಲಿ ಎಷ್ಟು ಜನಕ್ಕೆ?

ಈ ಮಾತ್ರೆಯಿಂದ ಅಪಾಯ ದುಪ್ಪಟ್ಟು ಅಂತ ಮೊಬೈಲಿಗೊಂದು ಮೆಸೇಜ್ ಬಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ತಕ್ಷಣ ಮಾತ್ರೆ ಬಿಡಬೇಡಿ. ಮೆಸೇಜನ್ನು ಇನ್ನೊಬ್ಬರಿಗೆ ದಾಟಿಸಲೂ ಬೇಡಿ. ದುಪ್ಪಟ್ಟು ಅಂದರೆ ಎಷ್ಟಿದ್ದದ್ದು ಎಷ್ಟಾಯಿತು ಅಂತ ಮೊದಲು ಹುಡುಕಿ.

1995ರಲ್ಲಿ ಬ್ರಿಟನ್‌ನಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಇಂಥದ್ದೇ ಎಚ್ಚರಿಕೆ ಬಂತು, ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಅಂತ. ನಿಜಕ್ಕೂ ಆಗಿದ್ದು ಇಷ್ಟು: 7,000 ಹೆಂಗಸರಲ್ಲಿ ಒಬ್ಬರಿಗಿದ್ದ ತೊಂದರೆ ಇಬ್ಬರಿಗಾಗಿತ್ತು. ಆದರೆ ಹೆದರಿದವರು ಮಾತ್ರೆ ಬಿಟ್ಟರು, ಬೇಡದ ಬಸಿರು ಹೆಚ್ಚಾಯಿತು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಜಾಸ್ತಿಯಾದವು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯ ಅಪಾಯಕ್ಕಿಂತ ಹೆಚ್ಚು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಟೆಸ್ಟ್ ರಿಪೋರ್ಟ್ ನೋಡುವಾಗಲೂ ಇದೇ ಲೆಕ್ಕ. ಒಂದು ಹಾಳೆ ತಗೊಂಡು ಮೇಲೆ 1,000 ಅಂತ ಬರೆಯಿರಿ. ಕಾಯಿಲೆ ಸಾವಿರಕ್ಕೆ ಒಬ್ಬರಿಗಿದೆ, ಟೆಸ್ಟ್ ಅವರನ್ನು ಹಿಡಿಯುತ್ತದೆ ಅಂದುಕೊಳ್ಳಿ. ಉಳಿದ 999 ಜನಕ್ಕೆ ಕಾಯಿಲೆಯೇ ಇಲ್ಲ, ಆದರೂ ನೂರಕ್ಕೆ 5 ಜನಕ್ಕೆ ತಪ್ಪಾಗಿ ಪಾಸಿಟಿವ್ ಬಂದರೆ ಅದೇ ಸುಮಾರು 50 ಆಯಿತು. ಈಗ ಪಾಸಿಟಿವ್ ರಿಪೋರ್ಟ್ ಹಿಡಿದು ನಿದ್ದೆಗೆಟ್ಟವರು 51 ಜನ, ಕಾಯಿಲೆ ಇರುವುದು ಅವರಲ್ಲಿ ಒಬ್ಬರಿಗೆ! ಹಾಗಂತ ರಿಪೋರ್ಟ್ ಬದಿಗಿಡಬೇಡಿ. ಇದು ಲಕ್ಷಣವಿಲ್ಲದೆ ಸುಮ್ನೆ ಮಾಡಿಸಿದ ಟೆಸ್ಟಿನ ಲೆಕ್ಕ. ಲಕ್ಷಣ ಇದ್ದರೆ, ಮನೆಯಲ್ಲಿ ಯಾರಿಗಾದರೂ ಅದೇ ಕಾಯಿಲೆ ಇದ್ದರೆ, ಆ ಸಾವಿರಕ್ಕೆ ಒಂದು ಅನ್ನುವ ಅಂಕಿಯೇ ಬದಲಾಗುತ್ತದೆ. ಎರಡನೇ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಕಣ್ಣಿಗೆ ಕಟ್ಟುವ ಕಥೆಗಳು. ದಿನಾ ಸಿಗರೇಟು ಸೇದಿಯೂ ತೊಂಬತ್ತು ವರ್ಷ ಬದುಕಿದ ಅಜ್ಜನ ಕಥೆ ಎಲ್ಲರ ಬಾಯಲ್ಲೂ ಇರುತ್ತದೆ. ಸೇದಿ ಐವತ್ತಕ್ಕೇ ಹೋದವರು ಬಂದು ಹೇಳಲಾರರಲ್ಲ. ಬಿಡದೆ ಸೇದುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಜೀವ ತೆಗೆಯುವುದು ತಂಬಾಕೇ. ಇಲ್ಲಿ ಲೆಕ್ಕ ಹಾಕಿದರೆ ಭಯ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ, ಆಗಲೂ ಬೇಕು.

ಮುಂದಿನ ಸಲ ಡಾಕ್ಟರ್ ಹೊಸ ಔಷಧಿ ಬರೆದಾಗ ಹೀಗೆ ಕೇಳಿ: "ನನ್ನಂಥ 1,000 ಜನ ಇದನ್ನು ತಗೊಳ್ಳದಿದ್ದರೆ ಎಷ್ಟು ಜನಕ್ಕೆ ತೊಂದರೆಯಾಗುತ್ತದೆ, ತಗೊಂಡರೆ ಎಷ್ಟು ಜನಕ್ಕೆ?" ಎರಡೂ ಅಂಕಿಗಳನ್ನು ಅಲ್ಲೇ ಚೀಟಿಯ ಹಿಂದೆ ಬರೆದುಕೊಳ್ಳಿ.