ಸ್ಕ್ರಾಲ್ ಸಾ: ಮೊದಲ ಬ್ಲೇಡಿನಿಂದ ಮೊದಲ ಜಾಲರಿಯವರೆಗೆ

ಮರಗೆಲಸ ಕಲಿಯುವ ಆಸೆ ಇದ್ದರೂ ಹಿಂಜರಿಯುವವರು ಬಹಳ ಮಂದಿ. ಅಷ್ಟು ಜಾಗ ಎಲ್ಲಿದೆ, ಆ ಸದ್ದು ಯಾರು ಸಹಿಸುತ್ತಾರೆ, ಬೆರಳಿಗೆ ಏನಾದರೂ ಆದರೆ ಏನು ಗತಿ? ಅಂಥವರು ಮೊದಲು ನೋಡಬೇಕಾದ ಯಂತ್ರ ಸ್ಕ್ರಾಲ್ ಸಾ. ಒಂದು ಗಟ್ಟಿ ಮೇಜು, ಒಳ್ಳೆಯ ಬೆಳಕು, ಒಂದು ಸ್ಟೂಲು ಇದ್ದರೆ ಮನೆಯ ಮೂಲೆಯಲ್ಲೇ ಕೂತು ಕೆಲಸ ಶುರು ಮಾಡಬಹುದು. ಸದ್ದು ಇರುತ್ತದೆ, ಆದರೆ ದೊಡ್ಡ ಗರಗಸದ ಯಂತ್ರಗಳಿಗಿಂತ ಎಷ್ಟೋ ಕಡಿಮೆ.

ನೋಡಲು ಇದು ಹೊಲಿಗೆ ಯಂತ್ರದ ಹಾಗೇ ಇರುತ್ತದೆ. ಸೂಜಿ ಇರಬೇಕಾದ ಕಡೆ 5 ಇಂಚು ಉದ್ದದ ತೆಳ್ಳಗಿನ ಬ್ಲೇಡ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಬ್ಲೇಡ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಗೆರೆ ಹೋದ ಕಡೆ ಮರವನ್ನು ತಿರುಗಿಸುತ್ತಾ ಹೋಗುವುದು ನಿಮ್ಮ ಕೆಲಸ. ಎಷ್ಟೇ ಸಣ್ಣ ಬಳ್ಳಿ, ಎಲೆ, ಅಕ್ಷರ ಇರಲಿ, ಈ ಬ್ಲೇಡ್ ಅದರ ಸುತ್ತ ತಿರುಗಬಲ್ಲದು.

ಶುರುವಿಗೇ ಒಂದು ಮಾತು. ಹೊಸಬರು ಕೊರೆದ ಗೆರೆ ಸೊಟ್ಟಗಾದರೆ "ನನಗೆ ಕೈ ಕೂಡಿಬರಲ್ಲ" ಅಂತ ಕೈಬಿಟ್ಟುಬಿಡುತ್ತಾರೆ. ಬಹುಪಾಲು ಸಲ ತಪ್ಪು ಕೈಯದ್ದಾಗಿರುವುದಿಲ್ಲ. ಬ್ಲೇಡ್ ಸಡಿಲ ಇರುತ್ತದೆ, ಮೊಂಡಾಗಿರುತ್ತದೆ, ಇಲ್ಲವೇ ಆ ಮರಕ್ಕೆ ಹೊಂದದ ನಂಬರಿನದ್ದಾಗಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಬ್ಲೇಡಿನ ಮಾತೇ ಜಾಸ್ತಿ.

ಯಂತ್ರ ನೋಡುವಾಗ

ಬ್ಲೇಡಿನಿಂದ ಹಿಂದಿನ ಕಂಬದವರೆಗೆ ಇರುವ ಅಂತರ ಯಂತ್ರದ ಅಳತೆ. 16 ಇಂಚಿನದ್ದು ಹೊಸಬರಿಗೆ ಧಾರಾಳವಾಗಿ ಸಾಕು. ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲೇಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 400ರಿಂದ 1600ರ ಆಸುಪಾಸಿನವರೆಗೆ ಬ್ಲೇಡ್ ಏರಿಳಿಯುವಂತೆ ಮಾಡಿಕೊಳ್ಳಬಹುದು.

ಇನ್ನೊಂದನ್ನು ಅಂಗಡಿಯವರು ಹೇಳದಿದ್ದರೂ ನೀವೇ ಕೇಳಿ: ಪಿನ್ ಇಲ್ಲದ ಬ್ಲೇಡ್ ಹಿಡಿಯುತ್ತದಾ? ಕೆಲವು ಯಂತ್ರಗಳಿಗೆ ಎರಡೂ ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡನ್ನಷ್ಟೇ ಹಾಕಬಹುದು. ಹಲಗೆಯ ನಡುವೆ ಕಿಂಡಿ ಕೊರೆಯುವಾಗ ಬ್ಲೇಡನ್ನು ಮೊದಲು ಒಂದು ತೂತಿನಲ್ಲಿ ತೂರಿಸಬೇಕು, ಆ ಪಿನ್ ತೂರಬೇಕಾದರೆ ದೊಡ್ಡ ತೂತೇ ಬೇಕು. ಹಾಗಾದರೆ ಸಣ್ಣ ಜಾಲರಿ ಕೆಲಸದ ಆಸೆ ಬಿಡಬೇಕಾಗುತ್ತದೆ. ಮೇಜಿನ ಅಗಲ, ಲೈಟು, ಪುಡಿ ಊದುವ ಪೈಪು ಇವೆಲ್ಲ ಆಮೇಲೆ ನೋಡಿದರಾಯಿತು.

ಯಂತ್ರ ತರುವ ಮೊದಲು ಈ ಕೆಲಸ ಹಿಡಿಸುತ್ತದೋ ಇಲ್ಲವೋ ನೋಡಬೇಕಾ? ಯು ಆಕಾರದ ಚೌಕಟ್ಟಿನ ಕೈಗರಗಸ, ಅಂದರೆ ಫ್ರೆಟ್ ಸಾ, ತನ್ನಿ. ಇದೇ 5 ಇಂಚಿನ ಬ್ಲೇಡ್ ಅದಕ್ಕೂ ಆಗುತ್ತದೆ. ನಿಧಾನ, ತೋಳು ನೋಯುತ್ತದೆ. ಆದರೆ ಬ್ಲೇಡ್ ಮರದೊಳಗೆ ಹೇಗೆ ನಡೆಯುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ.

ಬ್ಲೇಡಿನ ಲೆಕ್ಕ

ಬ್ಲೇಡುಗಳಿಗೆ ನಂಬರ್ ಇರುತ್ತದೆ. ನಂಬರ್ ಚಿಕ್ಕದಾದಷ್ಟೂ ಬ್ಲೇಡ್ ನಯ, 12 ಅಂದರೆ ಒರಟು. ಹೊಸಬರು ಎರಡೇ ಇಟ್ಟುಕೊಂಡರೆ ಸಾಕು. 12ರಿಂದ 18 ಮಿಲಿಮೀಟರ್ ದಪ್ಪದ ಮೆತ್ತನೆ ಮರಕ್ಕೆ 5ನೇ ನಂಬರ್, 6 ಮಿಲಿಮೀಟರ್ ಪ್ಲೈವುಡ್‌ಗೆ 3ನೇ ನಂಬರ್. ಕಡಿಮೆ ಅಂದರೂ ಎರಡು ಮೂರು ಹಲ್ಲು ಯಾವಾಗಲೂ ಮರದೊಳಗೆ ಇರಬೇಕು. ತೆಳು ಹಲಗೆಗೆ ಒರಟು ಬ್ಲೇಡ್ ಹಾಕಿದರೆ ಮರ ಕುಣಿಯುವುದು, ಅಂಚು ಸೀಳುವುದು ಈ ಕಾರಣಕ್ಕೇ.

ರಿವರ್ಸ್ ಹಲ್ಲಿನ ಬ್ಲೇಡ್ ಸಿಕ್ಕರೆ ಅದನ್ನೇ ತನ್ನಿ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖ ಆಗಿರುತ್ತವೆ. ಹಲಗೆಯ ತಳದಲ್ಲಿ ಏಳುವ ಸಿಬಿರನ್ನು ಅವು ಕತ್ತರಿಸಿಬಿಡುತ್ತವೆ. ಸುರುಳಿ ಬ್ಲೇಡ್ ಅಂತ ಇನ್ನೊಂದಿದೆ. ಸುತ್ತಲೂ ಹಲ್ಲು, ಮರ ತಿರುಗಿಸುವ ಗೋಜೇ ಇಲ್ಲ ಅಂತ ಹೊಸಬರು ಅದಕ್ಕೆ ಮನಸೋಲುತ್ತಾರೆ. ನನ್ನ ಕೇಳಿದರೆ ಈಗಲೇ ಬೇಡ. ಗೆರೆ ದಪ್ಪ ಬರುತ್ತದೆ, ಅಂಚು ಒರಟಾಗುತ್ತದೆ, ನೇರ ಹೋಗುವುದಂತೂ ತುಂಬಾ ಕಷ್ಟ.

ಬ್ಲೇಡ್ ಒಂದು ಡಜನ್ ತನ್ನಿ. ಇದು ಮುಗಿಯುವ ಸಾಮಾನು, ಜೋಪಾನ ಮಾಡುವ ಆಸ್ತಿ ಅಲ್ಲ. ಗಟ್ಟಿ ಮರದಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೇ ಹಲ್ಲು ಮೊಂಡಾಗಬಹುದು. ಮೊದಲಿಗಿಂತ ಜಾಸ್ತಿ ಒತ್ತಬೇಕು ಅನ್ನಿಸಿದರೆ, ಮರ ಸುಟ್ಟ ವಾಸನೆ ಬಂದರೆ ಬದಲಾಯಿಸಿಬಿಡಿ.

ಹಾಕುವುದು, ಬಿಗಿಯುವುದು

ಪ್ಲಗ್ ತೆಗೆದ ಮೇಲೇ ಬ್ಲೇಡಿಗೆ ಕೈ ಹಾಕಿ. ಹೊಸ ಬ್ಲೇಡಿನ ಮೇಲೆ ತೆಳುವಾಗಿ ಎಣ್ಣೆ ಇರುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ, ಎರಡೂ ತುದಿಯನ್ನು ಸ್ಯಾಂಡ್‌ಪೇಪರಿನಲ್ಲಿ ಒಮ್ಮೆ ಉಜ್ಜಿ. ಹೀಗೆ ಮಾಡದೆ, ಬ್ಲೇಡಿನ ತುದಿ ಹಿಡಿಯುವ ಕ್ಲ್ಯಾಂಪಿನಿಂದ ಬ್ಲೇಡ್ ಜಾರುತ್ತದೆ ಅಂತ ಯಂತ್ರವನ್ನು ಬೈಯುವವರೇ ಜಾಸ್ತಿ. ಹಲ್ಲು ನಿಮ್ಮ ಕಡೆಗೆ, ಕೆಳಮುಖವಾಗಿ ಇರಬೇಕು. ತಲೆಕೆಳಗಾಗಿ ಹಾಕಿದರೆ ಮರ ಪ್ರತಿ ಏಟಿಗೂ ಮೇಲೆ ಹಾರುತ್ತದೆ.

ಮೊದಲು ಕೆಳಗಿನ ಕ್ಲ್ಯಾಂಪ್, ಆಮೇಲೆ ಮೇಲಿನದು, ಕೊನೆಗೆ ಬಿಗಿ. ಎಷ್ಟು ಬಿಗಿ ಅಂತ ಕಿವಿಯೇ ಹೇಳುತ್ತದೆ. ಬ್ಲೇಡನ್ನು ಬೆರಳಿನಿಂದ ಮೀಟಿ ನೋಡಿ. ಮಂಕಾಗಿ ಡಬ್ ಅಂದರೆ ಸಡಿಲ ಇದೆ. ತೆಳ್ಳಗೆ, ಸ್ಪಷ್ಟವಾಗಿ ಟಿಣ್ ಅನ್ನಬೇಕು. ಪಕ್ಕಕ್ಕೆ ತಳ್ಳಿದರೆ 3 ಮಿಲಿಮೀಟರ್‌ಗಿಂತ ಹೆಚ್ಚು ಬಾಗಬಾರದು.

ಬ್ಲೇಡ್ ಮೇಜಿಗೆ ನೇರವಾಗಿ ನಿಂತಿದೆಯಾ ಅನ್ನುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ದಪ್ಪನೆಯ ಮರದ ತುಂಡಿನ ಅಂಚಿನಲ್ಲಿ ಚಿಕ್ಕದೊಂದು ಗೀಟು ಕೊರೆದು ಯಂತ್ರ ನಿಲ್ಲಿಸಿ. ಅದೇ ತುಂಡನ್ನು ಬ್ಲೇಡಿನ ಹಿಂದೆ ತಂದು, ಆ ಗೀಟಿನೊಳಗೆ ಬ್ಲೇಡಿನ ಬೆನ್ನು ಮೇಲಿಂದ ಕೆಳಗಿನವರೆಗೂ ಕೂರುತ್ತದಾ ನೋಡಿ. ಕೂತರೆ ಸರಿ. ಕೂರದಿದ್ದರೆ ಮೇಜು ವಾಲಿದೆ, ತಿರುಪು ಸಡಿಲಿಸಿ ಸರಿಮಾಡಿ.

ಮರ ಮತ್ತು ಚಿತ್ರ

ತೆಳು ಹಲಗೆ ಸುಲಭ ಅನ್ನುವುದು ಎಲ್ಲರ ಎಣಿಕೆ. ನಿಜ ಅಂದರೆ 3 ಮಿಲಿಮೀಟರ್ ಪ್ಲೈ ಹೊಸಬರ ಕೈ ತಪ್ಪಿ ಓಡುತ್ತದೆ, ಬ್ಲೇಡಿಗೆ ಅಲ್ಲಿ ತಡೆಯೇ ಇರುವುದಿಲ್ಲ. ಕಲಿಯಲು 12ರಿಂದ 18 ಮಿಲಿಮೀಟರ್ ದಪ್ಪದ ಪೈನ್‌ನಂಥ ಮೆತ್ತನೆ ಮರ ಒಳ್ಳೆಯದು. ಕೊರೆತ ನಿಧಾನ ಆಗುತ್ತದೆ, ಗೆರೆ ಹಿಡಿಯಲು ಸಮಯ ಸಿಗುತ್ತದೆ. ಗಂಟು ಇರುವ ತುಂಡು ಬೇಡ. ತೇಗ ಚಂದವೇ, ಆದರೆ ಬ್ಲೇಡನ್ನು ಬೇಗ ತಿಂದುಹಾಕುತ್ತದೆ.

ಚಿತ್ರವನ್ನು ನೇರವಾಗಿ ಮರಕ್ಕೆ ಅಂಟಿಸಿದರೆ ಕೀಳುವಾಗ ಸಾಕುಸಾಕಾಗುತ್ತದೆ. ಮೊದಲು ಮರದ ಮೇಲೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಹಚ್ಚಿ. ಅದರ ಮೇಲೆ ಗ್ಲೂ ಸ್ಟಿಕ್‌ನಿಂದ ಚಿತ್ರದ ಕಾಗದ ಅಂಟಿಸಿ. ಅದರ ಮೇಲೂ ಪ್ಯಾಕಿಂಗ್ ಮಾಡುವ ಪಾರದರ್ಶಕ ಟೇಪ್ ಹಾಕಿದರೆ ಬ್ಲೇಡ್ ಹಗುರವಾಗಿ ಓಡುತ್ತದೆ, ಗಟ್ಟಿ ಮರದ ಅಂಚು ಕಪ್ಪಾಗಿ ಸುಡುವುದು ಕಡಿಮೆಯಾಗುತ್ತದೆ.

ಮೊದಲ ಗೆರೆ

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಇಲ್ಲಿ ಏಳುವ ಪುಡಿ ತುಂಬಾ ನಯ, ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಉದ್ದ ಕೂದಲು ಕಟ್ಟಿ, ತೋಳು ಮಡಚಿ.

ಚಿತ್ರ ಕೊರೆಯಲು ಈಗಲೇ ಆತುರ ಬೇಡ. ಬೇಡದ ತುಂಡಿನ ಮೇಲೆ ಐದಾರು ನೇರ ಗೆರೆ, ಐದಾರು ಅಲೆ, ಒಂದೆರಡು ಮೂಲೆ ಬರೆದುಕೊಳ್ಳಿ. ವೇಗ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಇರಲಿ. ಎರಡೂ ಅಂಗೈ ಮರದ ಮೇಲೆ ಚಪ್ಪಟೆಯಾಗಿ ಕೂರಲಿ, ಬ್ಲೇಡಿನ ನೇರ ಎದುರಿಗೆ ಮಾತ್ರ ಬೆರಳು ಬರಬಾರದು. ಮರ ಮೇಲೇಳದ ಹಾಗೆ ಕೆಳಕ್ಕೆ ಒತ್ತಬೇಕು, ಮುಂದಕ್ಕೆ ಸುಮ್ನೆ ಹಗುರವಾಗಿ ತಳ್ಳಬೇಕು. ಬ್ಲೇಡ್ ಹಿಂದಕ್ಕೆ ಬಿಲ್ಲಿನಂತೆ ಬಾಗಿತು ಅಂದರೆ ನೀವು ಅವಸರ ಮಾಡುತ್ತಿದ್ದೀರಿ ಅಂತ ಅರ್ಥ.

ಈಗ ಬರುತ್ತದೆ ಎಲ್ಲರನ್ನೂ ಕಾಡುವ ಸಂಗತಿ. ಮರವನ್ನು ನೇರ ತಳ್ಳಿದರೂ ಬ್ಲೇಡ್ ಗೆರೆ ಬಿಟ್ಟು ಒಂದು ಪಕ್ಕಕ್ಕೆ, ಸಾಮಾನ್ಯವಾಗಿ ಬಲಕ್ಕೆ, ಎಳೆಯುತ್ತದೆ. ಇದು ನಿಮ್ಮ ತಪ್ಪಲ್ಲ. ಬಹುತೇಕ ಬ್ಲೇಡುಗಳಿಗೆ ಹಲ್ಲು ಮಾಡುವಾಗ ಒಂದು ಬದಿಯಲ್ಲಿ ಸಣ್ಣ ಒರಟು ಅಂಚು ಉಳಿದಿರುತ್ತದೆ. ಆ ಬದಿ ಹೆಚ್ಚು ಕೊರೆಯುತ್ತದೆ, ಅಷ್ಟೇ. ಮರವನ್ನು ಕೆಲವೇ ಡಿಗ್ರಿ ಓರೆ ಮಾಡಿ ತಳ್ಳಿದರೆ ಗೆರೆ ತಾನಾಗಿ ನೇರ ಬರುತ್ತದೆ. ಎಷ್ಟು ಓರೆ ಅಂತ ಆ ಐದಾರು ನೇರ ಗೆರೆಗಳಲ್ಲೇ ತಿಳಿದುಹೋಗುತ್ತದೆ. ಪಳಗಿದವರು ಯಂತ್ರದ ಎದುರು ಸ್ವಲ್ಪ ಓರೆಯಾಗಿ ಕೂರುವುದು ಇದಕ್ಕೇ. ಅಂದಹಾಗೆ, ಈ ಕಾರಣದಿಂದಲೇ ಇಲ್ಲಿ ನೇರ ಗೆರೆಗಿಂತ ಬಳಸು ಗೆರೆ ಸುಲಭ. ಮೊದಲ ಚಿತ್ರ ಆರಿಸುವಾಗ ಪೆಟ್ಟಿಗೆ, ಮನೆ ಬೇಡ. ಮೀನು, ಎಲೆ, ಬೆಕ್ಕು ಆರಿಸಿ.

ಗೆರೆ ತಪ್ಪಿತಾ? ತಕ್ಷಣ ಗಕ್ಕನೆ ವಾಪಸ್ ಎಳೆಯಬೇಡಿ, ಅಲ್ಲೊಂದು ಗಂಟಿನಂಥ ಗುರುತು ಬೀಳುತ್ತದೆ. ನಿಧಾನವಾಗಿ ಗೆರೆಗೆ ಬಂದು ಸೇರಿಕೊಳ್ಳಿ. ಕಾಗದ ಕಿತ್ತ ಮೇಲೆ ಮೂಲ ಗೆರೆ ಎಲ್ಲಿತ್ತು ಅಂತ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ಹೊರಮೂಲೆಯಲ್ಲಿ ಗೆರೆ ದಾಟಿ ಬೇಡದ ಭಾಗಕ್ಕೆ ಹೋಗಿ, ಚಿಕ್ಕ ಸುತ್ತು ಹಾಕಿ ಮುಂದಿನ ಗೆರೆಗೆ ಬನ್ನಿ. ಮೂಲೆ ಚೂಪಾಗಿ ಬರುತ್ತದೆ. ಒಳಮೂಲೆಯಲ್ಲಿ ಸುತ್ತು ಹಾಕಲು ಜಾಗ ಇರುವುದಿಲ್ಲ. ಮೂಲೆ ಮುಟ್ಟಿದ ಕೂಡಲೇ ಮುಂದೆ ತಳ್ಳುವುದು ನಿಲ್ಲಿಸಿ, ಬ್ಲೇಡಿನ ಬೆನ್ನಿಗೆ ಮರ ತಾಗುವಂತೆ ಇಟ್ಟುಕೊಂಡು ಇದ್ದಲ್ಲೇ ಸರ್ರನೆ ತಿರುಗಿಸಿ. ಹಲ್ಲಿನ ಮೇಲೆ ಒತ್ತಡ ಬಿದ್ದರೆ ಅಲ್ಲಿ ದುಂಡಗಿನ ತೂತಾಗುತ್ತದೆ.

ಬ್ಲೇಡ್ ಮುರಿಯುತ್ತದೆ. ಎಲ್ಲರದ್ದೂ ಮುರಿಯುತ್ತದೆ. ಫಟ್ ಅಂತ ಸದ್ದು ಬಂದಾಗ ಬೆಚ್ಚಿಬೀಳುವುದು ಸಹಜ. ಮೇಲಿನ ತುಂಡು ಇನ್ನೂ ಕುಟ್ಟುತ್ತಿರಬಹುದು, ಹಾಗಾಗಿ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ನೋಡಿ.

ಮೊದಲು ಒಂದು ಪಜಲ್

ಮೊದಲ ಕೆಲಸಕ್ಕೆ ನಾನು ಹೇಳುವುದು ಜೋಡಿಸುವ ಪಜಲ್. ಒಂದು ಚಿತ್ರವನ್ನು ಹಲಗೆಗೆ ಅಂಟಿಸಿ ಏಳೆಂಟು ದೊಡ್ಡ ತುಂಡು ಮಾಡುವುದು. ಈ ಆಟಿಕೆ ಹುಟ್ಟಿದ್ದೂ ಹೀಗೇ. 1760ರ ದಶಕದಲ್ಲಿ ಲಂಡನ್ನಿನ ನಕಾಶೆಗಾರ ಜಾನ್ ಸ್ಪಿಲ್ಸ್‌ಬರಿ ಮಕ್ಕಳಿಗೆ ಭೂಗೋಳ ಕಲಿಸಲು ನಕಾಶೆಯನ್ನು ಹಲಗೆಗೆ ಅಂಟಿಸಿ ದೇಶಗಳ ಗಡಿಯುದ್ದಕ್ಕೂ ಕೊರೆದ. ಪಜಲ್‌ನ ಅನುಕೂಲ ಏನೆಂದರೆ ಗೆರೆ ಎಲ್ಲಿ ಹೋದರೂ ತಪ್ಪಾಗುವುದಿಲ್ಲ. ಪಕ್ಕದ ತುಂಡು ಅದೇ ಗೆರೆಗೆ ಹೊಂದಿಕೊಂಡಿರುತ್ತದೆ. ಬ್ಲೇಡ್ ನೇರ ನಿಂತಿರುವುದು ಮಾತ್ರ ಮುಖ್ಯ. ವಾಲಿದ್ದರೆ ತುಂಡುಗಳು ಒಂದು ಕಡೆಯಿಂದಷ್ಟೇ ಕೂರುತ್ತವೆ. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಬಾಯಿಗೆ ಹೋಗುವಷ್ಟು ಸಣ್ಣ ತುಂಡು ಬೇಡವೇ ಬೇಡ.

ಆಮೇಲೆ ಜಾಲರಿ

ಹಲಗೆಯ ಅಂಚು ಮುಟ್ಟದೆ ನಡುವೆ ಕಿಂಡಿ ಕೊರೆಯುವುದೇ ಈ ಯಂತ್ರದ ನಿಜವಾದ ಸೊಗಸು. 6 ಮಿಲಿಮೀಟರ್ ಪ್ಲೈ ತೆಗೆದುಕೊಳ್ಳಿ. ಪ್ರತಿ ಕಿಂಡಿಯ ಬೇಡದ ಭಾಗದಲ್ಲಿ, ಮೂಲೆಗೆ ಹತ್ತಿರವಾಗಿ, ಬ್ಲೇಡ್ ತೂರುವಷ್ಟು ತೂತು ಡ್ರಿಲ್ ಮಾಡಿ. 2 ಮಿಲಿಮೀಟರ್ ಬಿಟ್ ಸಾಕಾಗುತ್ತದೆ. ಡ್ರಿಲ್ ಮಾಡುವಾಗ ಕೆಳಗೆ ಹಳೆ ಹಲಗೆ ಇಡಿ, ಇಲ್ಲದಿದ್ದರೆ ತಳ ಸೀಳುತ್ತದೆ. ತಳದಲ್ಲಿ ಎದ್ದ ಸಿಬಿರನ್ನು ಉಜ್ಜಿ ತೆಗೆಯಿರಿ. ಅದು ಉಳಿದರೆ ಹಲಗೆ ಮೇಜಿನ ಮೇಲೆ ಜಾರುವುದಿಲ್ಲ, ಪ್ರತಿ ತಿರುವಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಕ್ರಮ ಹೀಗೆ: ಮೇಲಿನ ಕ್ಲ್ಯಾಂಪ್ ಬಿಡಿಸಿ, ಬ್ಲೇಡಿನ ತುದಿಯನ್ನು ತೂತಿನಲ್ಲಿ ತೂರಿಸಿ, ಹಲಗೆಯನ್ನು ಮೇಜಿಗೆ ಇಳಿಸಿ, ಮತ್ತೆ ಕ್ಲ್ಯಾಂಪ್ ಮಾಡಿ, ಬಿಗಿದು, ಮೀಟಿ ನೋಡಿ, ಕೊರೆಯಿರಿ. ಕಿಂಡಿ ಮುಗಿದರೆ ಬಿಡಿಸಿ ಮುಂದಿನ ತೂತಿಗೆ. ನಲವತ್ತು ಕಿಂಡಿ ಇದ್ದರೆ ನಲವತ್ತು ಸಲ ಇದೇ ಕತೆ. ಬೇಜಾರು ಅನ್ನಿಸುವವರಿಗೆ ಅನ್ನಿಸಬಹುದು. ನನಗಂತೂ ತಲೆ ಹಗುರಾಗುವುದೇ ಈ ಕೆಲಸದಲ್ಲಿ.

ನಡುವಿನಿಂದ ಶುರು ಮಾಡಿ ಹೊರಕ್ಕೆ ಬನ್ನಿ, ಸಣ್ಣ ಕಿಂಡಿ ಮೊದಲು. ಹೊರಗಿನ ಗೆರೆ ಎಲ್ಲಕ್ಕಿಂತ ಕೊನೆಗೆ. ಅದನ್ನು ಮೊದಲೇ ಕೊರೆದರೆ ಹಿಡಿಯಲು ಜಾಗವೂ ಇಲ್ಲ, ಹಲಗೆಗೆ ಗಟ್ಟಿತನವೂ ಇಲ್ಲ. ಎರಡು ಕಿಂಡಿಗಳ ನಡುವಿನ ಎಳೆ ತೆಳ್ಳಗಿದ್ದರೆ ಕೊನೆಯ ಅರ್ಧ ಇಂಚಿನಲ್ಲಿ ವೇಗ ಇಳಿಸಿ. ಮುರಿಯುವುದು ಅಲ್ಲೇ.

ಒಪ್ಪ ಹಾಕುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಟೇಪ್ ಕಿತ್ತು, 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಮರದ ಎಣ್ಣೆಯೋ ವಾರ್ನಿಶ್ಶೋ ಹಚ್ಚಿ. ಕಿಂಡಿಗಳೊಳಗೆ ಬ್ರಷ್ ಆಡದಿದ್ದರೆ ಅಗಲವಾದ ತಟ್ಟೆಯಲ್ಲಿ ಎಣ್ಣೆ ಹುಯ್ದು ಇಡೀ ಹಲಗೆಯನ್ನು ಅದ್ದಿ ತೆಗೆದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಇಷ್ಟು ಕೈಗೆ ಹತ್ತಿದ ಮೇಲೆ ಮೂರು ತೆಳು ಹಲಗೆಗಳನ್ನು ಅಂಚಿಗೆ ಟೇಪ್ ಸುತ್ತಿ ಒಟ್ಟಿಗೆ ಕೊರೆದು ನೋಡಿ. ಒಂದೇ ಸಲಕ್ಕೆ ಮೂರು ಪ್ರತಿ. ಅದಕ್ಕೂ ಮಜಾ ಕೊಡುವುದು ಎರಡು ಬದಿಯ ಕೊರೆತ. ಚೌಕನೆ ಮೆತ್ತನೆ ಮರದ ತುಂಡೊಂದರ ಅಕ್ಕಪಕ್ಕದ ಎರಡು ಮುಖಕ್ಕೆ ಕುದುರೆಯ ಎದುರಿನ ಚಿತ್ರ, ಪಕ್ಕದ ಚಿತ್ರ ಅಂಟಿಸುತ್ತಾರೆ. ಒಂದು ಮುಖ ಕೊರೆದು, ತುಂಡುಗಳನ್ನು ಬಿಡಿಸದೆ ಟೇಪ್ ಸುತ್ತಿ, ಮಗ್ಗುಲು ತಿರುಗಿಸಿ ಇನ್ನೊಂದು ಮುಖ ಕೊರೆಯುತ್ತಾರೆ. ಟೇಪ್ ಬಿಚ್ಚಿ ಬೇಡದ ತುಂಡು ತೆಗೆದರೆ ನಾಲ್ಕು ಕಾಲಿನ ಕುದುರೆ ಕೈಗೆ ಬರುತ್ತದೆ. ಇದಕ್ಕೆ ಒಂದೂವರೆ ಇಂಚಿನ ಚೌಕ ಸಾಕು. ಬ್ಲೇಡ್ 5ನೇ ನಂಬರ್ ಆಗುತ್ತದೆ, 7 ಆದರೂ ಸರಿ. ಶುರು ಮಾಡುವ ಮೊದಲು ಆ ಗೀಟಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಇಷ್ಟು ದಪ್ಪದ ಮರದಲ್ಲಿ ಬ್ಲೇಡ್ ಕೂದಲೆಳೆಯಷ್ಟು ವಾಲಿದ್ದರೂ ಕುದುರೆಯ ಕಾಲು ಒಂದು ಕಡೆ ತೆಳ್ಳಗಾಗುತ್ತದೆ.